ಕಿಟಕಿ ತೆರೆದವನ ಹೆಸರು

ಕಳೆದ ತಿಂಗಳು ನಮ್ಮ ಸಭೆಯ ಸಂಜೆಯ ಕೂಟದಲ್ಲಿ ಸಾಕ್ಷಿ ಹೇಳಲು ನನ್ನ ಹೆಸರು ಕರೆದರು. ಎರಡು ವಾರ ಮೊದಲೇ ಕೇಳಿದ್ದರು, ನಾನೂ ಒಪ್ಪಿಕೊಂಡಿದ್ದೆ. ಮೈಕಿನ ಮುಂದೆ ನಿಂತು ‘ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು’ ಎಂದೆ. ಮುಂದಿನ ಮಾತು ಬರಲಿಲ್ಲ. ಒಂದು ಹಾಡಿನ ಸಂಖ್ಯೆ ಹೇಳಿ, ಎಲ್ಲರೂ ಸೇರಿ ಹಾಡೋಣ ಎಂದು ಕೇಳಿಕೊಂಡು ಬೆಂಚಿಗೆ ಹಿಂತಿರುಗಿದೆ. ದುಃಖದಿಂದ ಗಂಟಲು ಕಟ್ಟಿತೆಂದು ಸಭೆಯವರು ತಿಳಿದುಕೊಂಡರು. ಕೂಟ ಮುಗಿದ ಮೇಲೆ ಇಬ್ಬರು ಹಿರಿಯ ಹೆಂಗಸರು ಬಂದು ನನ್ನ ಕೈ ಹಿಡಿದುಕೊಂಡು ತಮ್ಮ ಕಣ್ಣು ಒರೆಸಿಕೊಂಡರು. ಅವರ ಪ್ರೀತಿ ದೊಡ್ಡದು. ಆದರೆ ನನ್ನ ಬಾಯಿ ಕಟ್ಟಿದ್ದು ದುಃಖದಿಂದಲ್ಲ. ಆ ದಿನದಿಂದ ಇದೇ ಮನಸ್ಸಿನಲ್ಲಿ ಕೊರೆಯುತ್ತಿದೆ. ಬರೆದರೆ ತಿಳಿಯಾಗಬಹುದೆಂದು ಬರೆಯುತ್ತಿದ್ದೇನೆ.

ನಮ್ಮಲ್ಲಿ ಸಾಕ್ಷಿಗೆ ಒಂದು ನಡೆ ಇದೆ. ಕಾಯಿಲೆ ಬಂತು, ಸಾಲ ಬಂತು, ಮಗನ ಕೆಲಸ ಹೋಯಿತು. ಪ್ರಾರ್ಥಿಸಿದೆವು. ಕರ್ತನು ಬಿಡಿಸಿದನು. ಇಂಥ ಸಾಕ್ಷಿಗಳನ್ನು ಕೇಳುತ್ತಲೇ ಬೆಳೆದವಳು ನಾನು. ಅವುಗಳಲ್ಲಿ ಕೆಲವು ನನ್ನನ್ನು ನಿಜವಾಗಿ ನಿಲ್ಲಿಸಿವೆ, ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಸಾಕ್ಷಿ ಎನ್ನುವುದು ಭೂತಕಾಲದ ಕ್ರಿಯಾಪದಗಳ ಮೇಲೆ ನಡೆಯುತ್ತದೆ. ಇನ್ನೂ ಮುಗಿಯದ್ದನ್ನು ಯಾವ ಕಾಲದಲ್ಲಿ ಹೇಳಬೇಕು? ನಮ್ಮ ಅಪ್ಪನಿಗೆ ಮಾತು ಹೋಗಿ ಮೂರು ವರ್ಷವಾಯಿತು. ಅದು ತಿರುಗಿ ಬಂದಿಲ್ಲ.

ನಲವತ್ತು ಪದ

ಅಪ್ಪ 31 ವರ್ಷ ಉಪದೇಶಿಯಾಗಿದ್ದರು. ಘಟ್ಟದ ಬುಡದ ಊರುಗಳಲ್ಲಿ, ಹತ್ತು ಹನ್ನೆರಡು ಮನೆಗಳ ಸಭೆಗಳಲ್ಲಿ. ಸಭಾಪಾಲಕರು ಕರ್ತನ ಭೋಜನ ಕೊಡಲು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ದಿನಗಳ ಭಾರವೆಲ್ಲ ಉಪದೇಶಿಯದೇ. ಮದುವೆಯ ಮಾತುಕತೆ, ಸಾವಿನ ಮನೆಯಲ್ಲಿ ಇಡೀ ರಾತ್ರಿ, ಪಡಿತರ ಚೀಟಿಯ ಅರ್ಜಿ, ಕುಡಿದು ಬಂದವನ ಜೊತೆ ಅಂಗಳದ ಕಟ್ಟೆಯಲ್ಲಿ ಕೂತು ಬೆಳಗಿನ ಜಾವದವರೆಗೆ ಸಮಾಧಾನ. ಇಷ್ಟಕ್ಕೂ ಅಪ್ಪನ ಬಳಿ ಇದ್ದದ್ದು ಒಂದು ಸೈಕಲ್ಲು, ಒಂದು ಸತ್ಯವೇದ, ಮತ್ತು ಮಾತು. ನಿವೃತ್ತರಾದ ಮೇಲೂ ಪ್ರಸಂಗಕ್ಕೆ ಕರೆಯುತ್ತಿದ್ದರು. ಶನಿವಾರ ಸಂಜೆಯಾದರೆ ಹಳೆಯ ಡೈರಿಯ ಖಾಲಿ ಹಾಳೆಗಳಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಾ ಕೂರುತ್ತಿದ್ದರು.

ಪಕ್ಷವಾತ ಅವರ ಬಲಗೈಯನ್ನೂ ಬಲಗಾಲನ್ನೂ ಹಿಡಿಯಿತು, ಮಾತನ್ನು ಒಯ್ದಿತು. ಬುದ್ಧಿಗೆ ಏನೂ ಆಗಿರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಮುಖದಲ್ಲಿ ಉತ್ತರ ಕಾಣುತ್ತಿತ್ತು, ಬಾಯಿಗೆ ಮಾತ್ರ ಪದ ಬರುತ್ತಿರಲಿಲ್ಲ. ನಮ್ಮ ಮನೆಮಾತು ತುಳು. ಕನ್ನಡ ಆರಾಧನೆಯ ಭಾಷೆ, ಸತ್ಯವೇದದ ಭಾಷೆ, ಅಪ್ಪನ ಕೆಲಸದ ಭಾಷೆ. ಹುಟ್ಟಿದಾಗಿನಿಂದ ಆಡಿದ ‘ನೀರ್’ ಎಂಬ ಒಂದು ಪದ ಹೊರಡಿಸಲು ಅವರು ಬೆವರುತ್ತಿದ್ದರು. ಕೊನೆಗೆ ಎಡಗೈಯಿಂದ ಲೋಟ ತೋರಿಸುತ್ತಿದ್ದರು.

ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ವಾರದ ಒಂದು ಸಂಜೆ ನೆನಪಿದೆ. ಕುಟುಂಬ ಪ್ರಾರ್ಥನೆಗೆ ಅಮ್ಮ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಹಾಡಿನ ಪುಸ್ತಕ ತೆರೆಯದೆ, ಬಾಯಿಗೆ ಬಂದ ಹಾಡನ್ನು ಎತ್ತಿಕೊಂಡರು. ಕರಾವಳಿಗೆ ಬಂದಿದ್ದ ಬಾಸೆಲ್ ಮಿಷನ್ನಿನ ಮಿಷನರಿಗಳು ಬಿಟ್ಟುಹೋದ ಜರ್ಮನ್ ರಾಗ, ನಿಧಾನದ್ದು, ಒಂದೊಂದು ಅಕ್ಷರಕ್ಕೂ ಕಾಲೂರಿ ನಿಲ್ಲುವಂಥದ್ದು. ಎರಡನೆಯ ಸಾಲಿನ ನಡುವೆ ಕೆಳಗಿನ ಸ್ವರದಲ್ಲಿ ಇನ್ನೊಂದು ಧ್ವನಿ ಕೇಳಿಸಿತು. ಅಪ್ಪ ಹಾಡುತ್ತಿದ್ದರು. ಪದಗಳು ಪೂರ್ತಿಯಾಗಿದ್ದವು, ಒತ್ತಕ್ಷರ ಕೂಡ ತಪ್ಪಿರಲಿಲ್ಲ. ಅಮ್ಮ ಹಾಡು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಹೋಗಿಬಿಡುತ್ತದೆಂದು ಹೆದರಿದಂತೆ ನಾಲ್ಕು ಚರಣಗಳನ್ನೂ ಹಾಡಿದರು. ಮುಗಿದ ಮೇಲೆ ನಾನು ಅಪ್ಪನ ಮುಖದ ಹತ್ತಿರ ಬಗ್ಗಿ, ‘ಅಪ್ಪ, ಏನು ಬೇಕು ಹೇಳಿ’ ಎಂದೆ. ಅವರು ತುಟಿ ಅಲುಗಿಸಿದರು. ಏನೂ ಬರಲಿಲ್ಲ. ಕಣ್ಣಿನಿಂದ ನೀರು ಮಾತ್ರ ಬಂತು.

ಮರುದಿನ ಸಭೆಯಲ್ಲಿ ಸುದ್ದಿ ಹಬ್ಬಿತು. ಅದ್ಭುತ ನಡೆದಿದೆ ಎಂದರು. ಇನ್ನು ಒಂದು ತಿಂಗಳಲ್ಲಿ ಉಪದೇಶಿಗಳು ಪ್ರಸಂಗಪೀಠ ಹತ್ತುತ್ತಾರೆ ಎಂದರು. ಮಾತಿನ ಚಿಕಿತ್ಸೆ ಕೊಡುವ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ವಿವರಿಸಿದಳು. ಮಾತನ್ನು ಹೊಸದಾಗಿ ಜೋಡಿಸುವ ಕೆಲಸ ಹೆಚ್ಚಿನವರಲ್ಲಿ ಮಿದುಳಿನ ಎಡಭಾಗದ್ದು, ಅಪ್ಪನಿಗೆ ಪೆಟ್ಟಾದದ್ದು ಅಲ್ಲಿ. ರಾಗದ ಜೊತೆ ಕಲಿತದ್ದು, ನೂರಾರು ಸಲ ಬಾಯಿಪಾಠವಾದದ್ದು ಬೇರೆ ದಾರಿ ಹಿಡಿದು ಹೊರಬರುತ್ತದೆ. ಎಣಿಕೆ, ವಾರಗಳ ಹೆಸರು, ಹಾಡು, ಪ್ರಾರ್ಥನೆ ಇಂಥವು ಉಳಿದಿರುವುದುಂಟು. ಆದರೆ ಅವರೇ ಆರಂಭಿಸಲಾರರು. ಮೊದಲ ಪದವನ್ನು ಬೇರೆಯವರು ಹಿಡಿದುಕೊಡಬೇಕು.

ಮೂರು ವರ್ಷದ ಅಭ್ಯಾಸದಲ್ಲಿ ಸುಮಾರು ನಲವತ್ತು ಪದಗಳು ಸ್ವಂತವಾಗಿ ಬಂದಿವೆ. ನಾನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ‘ನೀರ್’ ಬಂದದ್ದು ಎಂಟನೆಯ ತಿಂಗಳಲ್ಲಿ. ನನ್ನ ಹೆಸರು ಇನ್ನೂ ಬಂದಿಲ್ಲ.

ಶ್ರೀರಾಮಪುರದ ಬೆಂಕಿ

ನಾನು ಭಾನುವಾರ ಶಾಲೆಯಲ್ಲಿ 14 ವರ್ಷಗಳಿಂದ ಕಲಿಸುತ್ತಿದ್ದೇನೆ. ಅಪ್ಪನಿಗೆ ಹೀಗಾದ ಮೇಲೂ ಒಂದು ವಾರ ತಪ್ಪಿಸಲಿಲ್ಲ. ಹೊರಗಿನವರಿಗೆ ಅದು ಸ್ಥಿರವಾದ ನಂಬಿಕೆಯಂತೆ ಕಂಡಿರಬೇಕು. ನಿಜ ಹೇಳಬೇಕೆಂದರೆ, ಮೊದಲ 11 ತಿಂಗಳು ನಾನು ಒಬ್ಬಳೇ ಇದ್ದಾಗ ಒಂದು ಸಲವೂ ಪ್ರಾರ್ಥಿಸಲಿಲ್ಲ. ಮಕ್ಕಳ ಮುಂದೆ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿಕೊಡುತ್ತಿದ್ದೆ, ಮನೆಗೆ ಬಂದು ಗೋಡೆ ನೋಡುತ್ತಾ ಮಲಗುತ್ತಿದ್ದೆ. ಇದು ಕಪಟವೇ ಎಂಬ ಪ್ರಶ್ನೆ ಆಗ ಬಹಳ ಹಿಂಸಿಸಿತು. ಭಾನುವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುವ ಹೊತ್ತಿಗೆ, ಇವತ್ತು ಸಭಾಪಾಲಕರ ಬಳಿ ಹೋಗಿ ಬಿಟ್ಟುಬಿಡುತ್ತೇನೆ ಎಂದು ಹೇಳಬೇಕೆಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗೇಟಿನ ಬಳಿ ಮೂರು ನಾಲ್ಕು ಮಕ್ಕಳು ಕಾಯುತ್ತಾ ನಿಂತಿರುತ್ತಿದ್ದರು.

ಆ ವರ್ಷ ಒಂದು ಭಾನುವಾರದ ಪಾಠ ಇಂಗ್ಲೆಂಡಿನಿಂದ ಬಂದ ಮಿಷನರಿ ವಿಲಿಯಂ ಕೇರಿಯದ್ದು. ಕೇರಿ ಕರ್ನಾಟಕಕ್ಕೆ ಕಾಲಿಟ್ಟವರಲ್ಲ. ಆದರೂ ಹೂಗ್ಲಿ ನದಿಯ ದಡದ ಡೇನಿಶ್ ವಸಾಹತು ಶ್ರೀರಾಮಪುರದಲ್ಲಿ ಕೂತು, ಪಂಡಿತರ ನೆರವಿನಿಂದ ಕನ್ನಡ ಕಲಿತು, ಹೊಸ ಒಡಂಬಡಿಕೆಯನ್ನು ಕನ್ನಡಕ್ಕೆ ತಂದು ಹಸ್ತಪ್ರತಿ ಮಾಡಿಟ್ಟಿದ್ದರು. 1812ರ ಮಾರ್ಚ್ 11ರ ಸಂಜೆ ಅವರ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕೇರಿ ಅಂದು ಕಲ್ಕತ್ತೆಯಲ್ಲಿದ್ದರು. ಮುದ್ರಣದ ಹೊಣೆ ಹೊತ್ತಿದ್ದ ವಿಲಿಯಂ ವಾರ್ಡ್ ಬುದ್ಧಿವಂತಿಕೆಯಿಂದ ಎಲ್ಲ ಬಾಗಿಲು ಕಿಟಕಿಗಳನ್ನು ಮುಚ್ಚಿಸಿ ಗಾಳಿಯಾಡದಂತೆ ಮಾಡಿದರು. ಮಾಡಿಗೆ, ಅಂದರೆ ಛಾವಣಿಗೆ, ತೂತು ಮಾಡಿ ಗಂಟೆಗಟ್ಟಲೆ ನೀರು ಸುರಿದರು. ಬೆಂಕಿ ಇನ್ನೇನು ಅಡಗಿತು ಎನ್ನುವಾಗ ಯಾರೋ ಒಂದು ಕಿಟಕಿ ತೆರೆದುಬಿಟ್ಟರು. ಗಾಳಿ ನುಗ್ಗಿತು. ನಡುರಾತ್ರಿಯ ಹೊತ್ತಿಗೆ ಮಾಡು ಕುಸಿಯಿತು. ಹತ್ತಾರು ಭಾಷೆಗಳ ಅಚ್ಚುಮೊಳೆಗಳು ಕರಗಿ ಹರಿದವು. ರಾಶಿ ಕಾಗದ ಹೋಯಿತು, ಭಾರತೀಯ ಭಾಷೆಗಳ ದೊಡ್ಡ ಪದಕೋಶದ ಹಸ್ತಪ್ರತಿ ಹೋಯಿತು, ತೆಲುಗು ವ್ಯಾಕರಣ ಹೋಯಿತು. ನಮ್ಮ ಕನ್ನಡದ ಹೊಸ ಒಡಂಬಡಿಕೆಯೂ ಅದರಲ್ಲೇ ಹೋಯಿತು.

ಮರುದಿನ ಬೆಳಿಗ್ಗೆ ಜೊತೆಯ ಮಿಷನರಿ ಜೋಶುವಾ ಮಾರ್ಷ್‌ಮನ್ ಕಲ್ಕತ್ತೆಗೆ ಹೋಗಿ ಸುದ್ದಿ ಮುಟ್ಟಿಸಿದರು. ಕೇರಿ ಹಿಂತಿರುಗಿ ಹೊಗೆಯಾಡುತ್ತಿದ್ದ ಅವಶೇಷದ ನಡುವೆ ಕಣ್ಣೀರಿಡುತ್ತಾ ನಡೆದಾಡಿದರು. ಮುಂದಿನ ಭಾನುವಾರ ಅವರು ಪ್ರಸಂಗಕ್ಕೆ ಆರಿಸಿಕೊಂಡದ್ದು 46ನೆಯ ಕೀರ್ತನೆಯ, ಸುಮ್ಮನಿದ್ದು ಆತನೇ ದೇವರೆಂದು ತಿಳಿಯಲು ಕರೆಯುವ ವಾಕ್ಯ. ಆಮೇಲೆ ಒಂದು ಪತ್ರದಲ್ಲಿ, ಒಮ್ಮೆ ನಡೆದ ದಾರಿಯನ್ನು ಎರಡನೆಯ ಸಲ ನಡೆಯುವುದು ಸುಲಭ, ಹೆಜ್ಜೆ ಹೆಚ್ಚು ಖಚಿತ ಎಂಬ ಅರ್ಥದ ಮಾತು ಬರೆದರು. ಹಾಗೆಯೇ ಮಾಡಿದರು ಕೂಡ. ಅವರ ಕನ್ನಡ ವ್ಯಾಕರಣ 1817ರಲ್ಲಿ ಅದೇ ಶ್ರೀರಾಮಪುರದಲ್ಲಿ ಅಚ್ಚಾಯಿತು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಒಬ್ಬ ಮನುಷ್ಯನ ಅಲುಗದ ನಂಬಿಕೆಯ ಕಥೆಯಾಗಿ ಹೇಳುತ್ತೇವೆ. ಪಾಠಕ್ಕೆಂದು ಒಂದಿಷ್ಟು ಓದಿಕೊಂಡಾಗ ನನಗೆ ಅದು ಹಾಗೆ ಕಾಣಲಿಲ್ಲ. ಬೂದಿಯ ಅಡಿಯಲ್ಲಿ ಹುಡುಕಿದಾಗ ಅಕ್ಷರದ ಎರಕದಚ್ಚು ಒತ್ತುವ ಉಕ್ಕಿನ ಪಡಿಯಚ್ಚುಗಳು ಕೆಡದೆ ಸಿಕ್ಕವು. ಅವನ್ನು ವರ್ಷಗಟ್ಟಲೆ ಕೂತು ಕೊರೆದವರು ಪಂಚಾನನ ಕರ್ಮಕಾರ, ಅವರ ಅಳಿಯ ಮನೋಹರ ಮತ್ತು ಅವರಿಂದ ಕಲಿತ ಕಮ್ಮಾರರು. ಕರಗಿ ಗಟ್ಟಿಯಾದ ಲೋಹವನ್ನು ಒಟ್ಟುಮಾಡಿ, ಕೆಲವೇ ದಿನಗಳಲ್ಲಿ ಪಕ್ಕದ ಗೋದಾಮಿನಲ್ಲಿ ಎರಕದ ಕೆಲಸ ಮತ್ತೆ ಶುರುವಾಯಿತು. ಇಂಗ್ಲೆಂಡಿಗೆ ಸುದ್ದಿ ಹೋಗಿ ಹಣ ಬರುವ ಮೊದಲೇ ಅಕ್ಷರಗಳು ಸಿದ್ಧವಾಗುತ್ತಿದ್ದವು. ಕೇರಿ ಎರಡನೆಯ ಸಲ ಬರೆಯಲು ಕೂತಾಗ ಎದುರಿಗೆ ಪಂಡಿತರು ಮತ್ತೆ ಬಂದು ಕೂತಿದ್ದರು. ಎದ್ದು ನಿಂತದ್ದು ಕೇರಿ ಒಬ್ಬರೇ ಅಲ್ಲ.

ನಮ್ಮ ಕರಾವಳಿಯ ಸಭೆಗಳಿಗೂ ಇಂಥದ್ದೇ ಒಂದು ಕಾಲ ಬಂದಿತ್ತು. 1914ರಲ್ಲಿ ಯುದ್ಧ ಶುರುವಾದ ಮೇಲೆ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಶತ್ರುದೇಶದವರೆಂದು ಸೆರೆಶಿಬಿರಗಳಿಗೆ ಕಳಿಸಿತು, ಆಮೇಲೆ ದೇಶದಿಂದ ಹೊರಹಾಕಿತು. ನೂರಾರು ಮನೆಗಳಿಗೆ ಅನ್ನವಾಗಿದ್ದ ಹಂಚಿನ ಕಾರ್ಖಾನೆಗಳೂ ನೇಯ್ಗೆಯ ಕಾರ್ಖಾನೆಗಳೂ ಮಿಷನ್ನಿನ ಕೈತಪ್ಪಿದವು. ಉಳಿದವರು ಊರಿನವರೇ ಆದ ಸಭಾಪಾಲಕರು, ಉಪದೇಶಿಗಳು, ಶಾಲೆಯ ಮಾಸ್ತರರು. ಭಾನುವಾರ ಗಂಟೆ ಹೊಡೆಯುವುದು ನಿಲ್ಲಲಿಲ್ಲ. ಅವರ ಹೆಸರುಗಳನ್ನು ನಾವು ಪ್ರಸಂಗಗಳಲ್ಲಿ ಎತ್ತುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಕೇರಿಯ ಹೆಂಡತಿ ಡೊರೊಥಿಗೆ ಭಾರತಕ್ಕೆ ಬರುವ ಮನಸ್ಸಿರಲಿಲ್ಲ. 1793ರಲ್ಲಿ ಒತ್ತಾಯಕ್ಕೆ ಮಣಿದು, ಕೈಗೂಸು ಎತ್ತಿಕೊಂಡು ಹಡಗು ಹತ್ತಿದರು. ಮರುವರ್ಷ ಐದು ವರ್ಷದ ಮಗ ಪೀಟರ್ ಕಾಯಿಲೆಯಲ್ಲಿ ತೀರಿಕೊಂಡ. ಆಮೇಲೆ ಆಕೆಯ ಮನಸ್ಸು ಕದಡಿಹೋಯಿತು, 1807ರಲ್ಲಿ ಸಾಯುವವರೆಗೆ ತಿಳಿಯಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಆಕೆ ಕೂಗಾಡುತ್ತಿರುವಾಗ ಕೇರಿ ಅನುವಾದ ಮಾಡುತ್ತಿದ್ದರೆಂಬುದನ್ನು ಸ್ಥಿರತೆಗೆ ಉದಾಹರಣೆಯಾಗಿ ಹೇಳುವುದನ್ನು ನಾನು ಕೇಳಿದ್ದೇನೆ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಒಬ್ಬರು ಅಲುಗದೆ ನಿಂತದ್ದಕ್ಕೆ ಇನ್ನೊಬ್ಬರು ಏನು ತೆತ್ತರು ಎಂದೂ ಕೇಳಬೇಕು. ನಮ್ಮ ಮನೆಯಲ್ಲಿಯೂ ಅಪ್ಪನ 31 ವರ್ಷಗಳಲ್ಲಿ ಒಂಬತ್ತು ಸಲ ಸಾಮಾನು ಕಟ್ಟಿ ಲಾರಿಗೆ ಹೇರಿದವರು ಅಮ್ಮ. ಈಗ ದಿನಕ್ಕೆ ಮೂರು ಸಲ ಅವರನ್ನು ಎಬ್ಬಿಸಿ ಕೂರಿಸುವವರೂ ಅಮ್ಮನೇ. ಒಮ್ಮೆ ನಾನು, ‘ಅಮ್ಮ, ನಿಮಗೆ ದೇವರ ಮೇಲೆ ಸಿಟ್ಟು ಬರುವುದಿಲ್ಲವೇ?’ ಎಂದು ಕೇಳಿದೆ. ಅಮ್ಮ ಅಪ್ಪನ ಅಂಗಿಗೆ ಗುಂಡಿ ಹಾಕುತ್ತಿದ್ದರು. ‘ಬರುತ್ತದೆ. ಬಂದದ್ದನ್ನು ಅವನಿಗೇ ಹೇಳುತ್ತೇನೆ. ಬೇರೆ ಯಾರಿಗೆ ಹೇಳಲಿ?’ ಎಂದರು.

ಹುಡುಗನ ಪ್ರಶ್ನೆ

ಪಾಠ ಮುಗಿಸಿ, ನಾವು ಕಷ್ಟದಲ್ಲಿ ಹೇಗೆ ತಾಳ್ಮೆಯಿಂದಿರಬೇಕು ಎಂದು ಮಕ್ಕಳನ್ನು ಕೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಕೈ ಎತ್ತಿದ. ಏಳನೆಯ ತರಗತಿಯವನು, ಮಾತು ಕಡಿಮೆ. ‘ಟೀಚರ್, ಕಿಟಕಿ ತೆರೆದವನು ಯಾರು? ಅವನನ್ನು ಆಮೇಲೆ ಏನು ಮಾಡಿದರು?’

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಆದರೆ ಆ ಪ್ರಶ್ನೆ ಬಂದು ತಾಗಿದ ಜಾಗ ಬೇರೆ.

ಅಪ್ಪನಿಗೆ ಪಕ್ಷವಾತ ಬಡಿದ ಆ ಶನಿವಾರ, ರಾತ್ರಿ ಒಂಬತ್ತು ಗಂಟೆಗೆ ಅಪ್ಪ ಡೈರಿಯಲ್ಲಿ ಪ್ರಸಂಗದ ಟಿಪ್ಪಣಿ ಬರೆಯುತ್ತಿದ್ದರು. ಪೆನ್ನು ಕೈಯಿಂದ ಜಾರಿತು. ಎತ್ತಿಕೊಟ್ಟೆ. ಮತ್ತೆ ಜಾರಿತು. ‘ಕೈ ಜೋಮು ಹಿಡಿದಂತಿದೆ’ ಎಂದರು. ಮಾತು ಸ್ವಲ್ಪ ತೊದಲಿತೆಂದು ಈಗ ಅನ್ನಿಸುತ್ತದೆ. ಮರುದಿನ ಬ್ಯಾಂಕಿನ ವರ್ಷಾಂತ್ಯದ ಕೆಲಸಕ್ಕೆ ನಾನು ಬೇಗ ಹೊರಡಬೇಕಿತ್ತು, ದಣಿದಿದ್ದೆ. ಬಿಸಿನೀರು ಕಾಸಿ ಕೈಗೆ ಶಾಖ ಕೊಟ್ಟೆ. ‘ಬರೆದು ಬರೆದು ಹಾಗಾಗಿದೆ, ಮಲಗಿಕೊಳ್ಳಿ ಅಪ್ಪ, ನಾಳೆ ಪ್ರಸಂಗ ಇದೆಯಲ್ಲ’ ಎಂದೆ. ಅವರು ಮಗಳ ಮಾತು ಕೇಳಿ ಮಲಗಿದರು. ಬೆಳಿಗ್ಗೆ ಐದಕ್ಕೆ ಅಮ್ಮ ಕೂಗಿದಾಗ ಎದ್ದು ಓಡಿದೆ. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಲಕ್ಷಣ ಶುರುವಾದದ್ದು ಯಾವಾಗ ಎಂದು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಾನು ‘ರಾತ್ರಿ ಒಂಬತ್ತು’ ಎಂದೆ. ಅವರು ಗಡಿಯಾರ ನೋಡಿದರು, ಏನೂ ಹೇಳಲಿಲ್ಲ.

ಇದನ್ನು ನಾನು ಮೈಕಿನ ಮುಂದೆ ಹೇಳಬೇಕಾಗಿತ್ತು. ಅಪ್ಪನ ಕಾಯಿಲೆಯ ಬಗ್ಗೆ ಹೇಳಬಲ್ಲೆ, ಸಭೆಯವರ ಪ್ರಾರ್ಥನೆಗೆ ಕೃತಜ್ಞತೆ ಹೇಳಬಲ್ಲೆ. ಕಿಟಕಿ ತೆರೆದವಳು ನಾನು ಎಂಬುದನ್ನು ಬಿಟ್ಟು ಹೇಳಿದರೆ ಅದು ಸಾಕ್ಷಿಯಾಗುವುದಿಲ್ಲ.

ಶೋಧನೆ ಎಂದರೆ ಹೊರಗಿನಿಂದ ಬಂದು ಬೀಳುವ ಕಷ್ಟ ಎಂದು ನಾನು ತಿಳಿದಿದ್ದೆ. ರೋಗ, ಬಡತನ, ಹಿಂಸೆ. ಅದನ್ನು ಎದುರಿಸಿ ನಿಲ್ಲುವ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಪ್ರಸಂಗಗಳಿವೆ. ನಾನೇ ಕಾರಣಳಾದ ಕಷ್ಟದಲ್ಲಿ ನಂಬಿಕೆ ಹೇಗೆ ನಿಲ್ಲಬೇಕು? ದೇವರ ಮೇಲೆ ಸಿಟ್ಟಾಗುವ ಹಕ್ಕು ಕೂಡ ನನಗಿರಲಿಲ್ಲ. ಅಮ್ಮನಿಗೆ ಇದ್ದ ದಾರಿ ನನಗೆ ಮುಚ್ಚಿತ್ತು. 11 ತಿಂಗಳು ನಾನು ಪ್ರಾರ್ಥಿಸದೆ ಇದ್ದದ್ದು ಅಪನಂಬಿಕೆಯಿಂದ ಎಂದುಕೊಂಡಿದ್ದೆ. ಅದು ನಾಚಿಕೆ. ಯೇಸು ಸೆರೆಯಾದ ರಾತ್ರಿ ಆತನನ್ನು ಅರಿಯೆನೆಂದು ಹೇಳಿ, ಆತನ ಬಳಿಗೆ ಬಾರದೆ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತ ಪೇತ್ರನದ್ದು ಎಂಥ ರಾತ್ರಿಯಾಗಿತ್ತು ಎಂದು ಮೊದಲ ಸಲ ಅಂದಾಜಾಯಿತು.

ಮನೆಗೆ ಬಂದು, ಹುಡುಗನಿಗೆ ಉತ್ತರ ಹೇಳಬೇಕೆಂದು ಶ್ರೀರಾಮಪುರದ ಬೆಂಕಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಮತ್ತೆ ಓದಿದೆ. ಕಾಗದದ ಲೆಕ್ಕ ಇದೆ, ಅಚ್ಚುಮೊಳೆಗಳ ಲೆಕ್ಕ ಇದೆ, ನಷ್ಟ ಇಷ್ಟು ಸಾವಿರ ಪೌಂಡು ಎಂಬ ಲೆಕ್ಕ ಇದೆ. ನಾನು ಓದಿದ ಯಾವ ವಿವರದಲ್ಲೂ ಕಿಟಕಿ ತೆರೆದವನ ಹೆಸರಿಲ್ಲ. ಯಾರೋ ತೆರೆದರು ಎಂದಷ್ಟೇ ಇದೆ. ಅವನು ನೆರವಿಗೆಂದು ಓಡಿ ಬಂದವನೇ ಇರಬೇಕು. ಹೊಗೆಯಲ್ಲಿ ಉಸಿರು ಕಟ್ಟಿ, ಒಳ್ಳೆಯದಾಗುತ್ತದೆಂದು ತೆರೆದಿರಬೇಕು. ಮರುವಾರ ಬೂದಿ ಕೆದಕಿ ಲೋಹ ಹೆಕ್ಕುವವರ ನಡುವೆ ಅವನೂ ಬಗ್ಗಿ ನಿಂತಿದ್ದನೆಂದು ನಾನು ಕಲ್ಪಿಸಿಕೊಂಡೆ. ಅದು ನನ್ನ ಕಲ್ಪನೆಯೇ ಹೊರತು ಇತಿಹಾಸವಲ್ಲ. ಮುಂದಿನ ಭಾನುವಾರ ಹುಡುಗನಿಗೆ, ‘ಅವನ ಹೆಸರನ್ನು ಅವರು ಬರೆದಿಡಲಿಲ್ಲ’ ಎಂದೆ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ‘ಒಳ್ಳೆಯದಾಯಿತು’ ಎಂದ.

ಭಾನುವಾರ ಶಾಲೆಯನ್ನು ಬಿಡದೆ ಇದ್ದದ್ದು ಕಪಟವಲ್ಲ ಎಂದು ಈಗ ಅನ್ನಿಸುತ್ತದೆ. ಗೇಟಿನ ಬಳಿಯ ಆ ಮಕ್ಕಳು ವಾರಕ್ಕೊಮ್ಮೆ ನನ್ನ ಬಾಯಿಗೆ ಮೊದಲ ಪದ ಕೊಡುತ್ತಿದ್ದರು. ನನಗೆ ಆರಂಭಿಸುವ ಶಕ್ತಿ ಇರಲಿಲ್ಲ. ಬೇರೆಯವರು ಆರಂಭಿಸಿದ್ದನ್ನು ಮುಂದುವರಿಸುವ ಶಕ್ತಿ ಇತ್ತು. ಅಪ್ಪನ ಸ್ಥಿತಿಗೂ ನನ್ನದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಬೆಳಗಿನ ಪ್ರಾರ್ಥನೆ

ಸಾಕ್ಷಿ ಹೇಳಲಾಗದ ಆ ಕೂಟದ ಮರುದಿನ ಅಮ್ಮ ಸ್ತ್ರೀ ಸಂಘದ ಕೆಲಸಕ್ಕೆಂದು ಬೆಳಿಗ್ಗೆಯೇ ಹೊರಟರು. ಅಪ್ಪನಿಗೆ ಗಂಜಿ ಕುಡಿಸಿ, ಪ್ರಾರ್ಥನೆ ಮಾಡಿಸುವ ಕೆಲಸ ನನಗೆ ಬಂತು. ಕರ್ತನು ಕಲಿಸಿದ ಪ್ರಾರ್ಥನೆಯನ್ನು ದಿನವೂ ಅಮ್ಮ ಆರಂಭಿಸಿಕೊಡುತ್ತಾರೆ, ಅಪ್ಪ ಹಿಡಿದುಕೊಂಡು ಸಾಗುತ್ತಾರೆ, ಎಲ್ಲಾದರೂ ತಡೆದರೆ ಮುಂದಿನ ಪದವನ್ನು ಅಮ್ಮ ಕೊಡುತ್ತಾರೆ. ನಾನು ಅವರ ಎಡಗೈ ಹಿಡಿದುಕೊಂಡು ‘ಪರಲೋಕದಲ್ಲಿರುವ’ ಎಂದೆ. ‘ನಮ್ಮ ತಂದೆಯೇ’ ಎಂದರು ಅಪ್ಪ. ಇಬ್ಬರೂ ಸೇರಿ ಮುಂದೆ ಹೋದೆವು. ಅನುದಿನದ ಆಹಾರದ ಸಾಲಿನವರೆಗೆ ಸರಾಗವಾಗಿ ಬಂತು. ಅದರ ಮುಂದಿನದು ತಪ್ಪುಗಳನ್ನು ಕ್ಷಮಿಸುವ ಸಾಲು.

ನಾನು ನಿಂತುಬಿಟ್ಟೆ. ಸಾವಿರ ಸಲ ಹೇಳಿದ ಸಾಲು. ಹಿಂದಿನ ಸಂಜೆ ಮೈಕಿನ ಮುಂದೆ ಆದಂತೆಯೇ ಆಯಿತು. ಹೊರಗೆ ಮಾವಿನ ಮರದ ಕೆಳಗೆ ಯಾರೋ ಸ್ಕೂಟರ್ ಚಾಲೂ ಮಾಡುತ್ತಿದ್ದರು. ಅಪ್ಪ ಕಾದರು. ಆಮೇಲೆ ನನ್ನ ಕಡೆ ತಿರುಗಿದರು. ತುಟಿ ಎರಡು ಮೂರು ಸಲ ಅಲುಗಿತು, ‘ನೀರ್’ ಹೇಳಲು ಬೆವರುತ್ತಿದ್ದರಲ್ಲ, ಹಾಗೆ.

‘ನಮಗೆ’ ಎಂದರು.

ಬಾಯಿಪಾಠದ ಸರಪಳಿ ತನ್ನಷ್ಟಕ್ಕೆ ಮುಂದಕ್ಕೆ ಎಳೆದುಕೊಂಡಿತು ಎಂದು ಚಿಕಿತ್ಸೆಯ ಹುಡುಗಿ ಹೇಳಬಹುದು. ಆ ವಿವರಣೆಯೂ ಸರಿಯೇ ಇರಬಹುದು. ‘ನಮಗೆ’ ಎಂದು ಅಪ್ಪ ಇನ್ನೊಮ್ಮೆ ಹೇಳಿದರು, ಕೈ ಬಿಗಿಯಾಗಿ ಹಿಡಿದುಕೊಂಡು, ಭಾನುವಾರ ಶಾಲೆಯಲ್ಲಿ ಮರೆತ ಮಗುವಿಗೆ ಹೇಳಿಕೊಡುವಂತೆ. ‘ತಪ್ಪು ಮಾಡಿದವರನ್ನು’ ಎಂದೆ ನಾನು. ‘ನಾವು ಕ್ಷಮಿಸಿದಂತೆ’ ಎಂದರು ಅವರು.